ಇಲಿಮರಿಯ ಪೋಷಕರು ಎಲ್ಲಿದ್ದರೂ

ಬಸ್ ನಿಲ್ದಾಣಕ್ಕೆ ಬಂದುಹೋಗುವ ಅಷ್ಟೂ ಜನ ಅವಳ ದನಿ ಕೇಳಿದ್ದಾರೆ. ಮುಖ ಕಂಡವರು ಬೆರಳೆಣಿಕೆಯಷ್ಟು. ಘೋಷಣೆಯ ಕೋಣೆ ಇರುವುದು ಕಬ್ಬಿಣದ ಮೆಟ್ಟಿಲುಗಳ ತುದಿಯಲ್ಲಿ. ಎರಡು ಕುರ್ಚಿ, ಒಂದು ಮೈಕು, ನಿಲ್ದಾಣದೊಳಗಿನ ಒಂದು ಫೋನು, ತಿರುಗಿದಾಗಲೆಲ್ಲ ಯಾರನ್ನೋ ಬೈಯುವಂತೆ ಕಿರುಗುಟ್ಟುವ ಫ್ಯಾನು. ಕಿಟಕಿಯಿಂದ ಕಾಣುವುದು ಬಸ್ಸುಗಳ ನೆತ್ತಿ ಮಾತ್ರ. ಜನ ಏನಿದ್ದರೂ ಕಿವಿಗೆ ಬೀಳುವ ಗಲಾಟೆ, ಅಷ್ಟೆ.

ಸೇರಿದ ಹೊಸದರಲ್ಲಿ ಮೈಕಿನ ಗುಂಡಿ ಒತ್ತಿದರೆ ಸಾಕು, ನಾಲಿಗೆ ಒಣಗುತ್ತಿತ್ತು. ಈಗ ಬಾಯಿ ತನ್ನ ಪಾಡಿಗೆ ತಾನು ಹೇಳಿಕೊಂಡು ಹೋಗುತ್ತದೆ, ಮನಸ್ಸು ಮನೆಯಲ್ಲಿರುತ್ತದೆ. ಬಾಲ್ಕನಿ ಬಾಗಿಲಿಗೆ ಚಿಲಕ ಹಾಕಿದ್ದಾರೋ ಇಲ್ಲವೋ. ಬಚ್ಚಲಲ್ಲಿ ಬಕೆಟ್ ತುಂಬಿಟ್ಟಿದ್ದಾರೋ ಏನೋ. ಮಗು ಅಂಗಿಯ ಗುಂಡಿ ಕಿತ್ತು ಬಾಯಿಗೆ ಹಾಕಿಕೊಂಡಿದ್ದರೆ? ಮೂರು ವರ್ಷದ ಮಗಳನ್ನು ಅತ್ತೆಯ ಕೈಗೆ ಬಿಟ್ಟು ಬರುವ ಅವಳಿಗೆ, ಹೊಸಿಲು ದಾಟುವಾಗಲೇ ಈ ಯೋಚನೆಗಳು ಶುರು. ಎರಡು ಘೋಷಣೆಗಳ ನಡುವೆ ಬಿಡುವು ಸಿಕ್ಕರೆ ಅತ್ತೆಯ ಮೊಬೈಲಿಗೆ ಫೋನು.

"ಹೋದ ಸಲ ನೀನು ಕೇಳಿದಾಗ ಹೇಗಿದ್ಲೋ ಹಾಗೇ ಇದ್ದಾಳಮ್ಮ," ಎನ್ನುತ್ತಿದ್ದರು ಅತ್ತೆ. "ಅಷ್ಟರಲ್ಲಿ ಏನು ಮೀಸೆ ಬರುತ್ತಾ?"

ಮಗುವಿಗೆ ಇಲಿಮರಿ ಎಂದು ಹೆಸರಿಟ್ಟವರೂ ಅತ್ತೆಯೇ. ಹುಟ್ಟಿದಾಗ ಅಂಗೈಯಷ್ಟೇ ಇತ್ತಂತೆ. ಅವಳಿಗೆ ಆ ಹೆಸರು ಕೇಳಿದರೇ ಮೈ ಉರಿ. "ಶಾಲೆಗೆ ಸೇರೋಷ್ಟರಲ್ಲಿ ಇದನ್ನ ಮರೆಸಬೇಕು ಅತ್ತೆ. ನಾಳೆ ಟೀಚರ್ ಹೆಸರು ಕೇಳಿದ್ರೆ ಇಲಿಮರಿ ಅಂದ್ಬಿಟ್ರೆ?"

"ಅಂದ್ರೇನು, ಇಲಿಮರಿ ಹಾಜರ್ ಅಂತ ಬರ್ಕೋತಾರೆ."

ಹೆಸರಿನ ವಿಷಯಕ್ಕೆ ಇಷ್ಟು ತಲೆಕೆಡಿಸಿಕೊಳ್ಳುವವಳು ಬೇರೆ ಮಾತುಗಳ ವಿಷಯದಲ್ಲಿ ಸುಮ್ಮನಿರುತ್ತಾಳೆಯೇ? ಕೋಣೆಯಲ್ಲಿ ಅವಳಿಗಿಂತ ಹಿರಿಯಳಾದ ಘೋಷಕಿ ಒಬ್ಬಳಿದ್ದಳು. ನಿಲ್ದಾಣದವರೆಲ್ಲ ಅವಳನ್ನು ಮೈಕಮ್ಮ ಎನ್ನುತ್ತಿದ್ದರು. ಮೈಕಮ್ಮನ ಕಾಲದಲ್ಲಿ ಕೊಡೆ ಹೋದರೂ 'ಲಾಸ್ಟ್', ಮಗು ಹೋದರೂ 'ಲಾಸ್ಟ್'. ಪಟ್ಟಣದ ಇಂಗ್ಲಿಷ್ ಶಾಲೆಯಲ್ಲಿ ಓದಿ ಬಂದ ಇವಳ ಕಿವಿಗೆ ಅದು ಕಲ್ಲು ಕಡಿದಂತಾಗುತ್ತಿತ್ತು. ಇಂಗ್ಲಿಷ್ ಘೋಷಣೆಯಲ್ಲಿ ವಸ್ತುವಿಗೆ ಲಾಸ್ಟ್, ಮನುಷ್ಯರಿಗೆ ಮಿಸ್ಸಿಂಗ್ ಎಂದು ಬಂದ ತಿಂಗಳಲ್ಲೇ ಕಟ್ಟಳೆ ಮಾಡಿದಳು.

"ಎರಡೂ ಒಂದೇ ಅಲ್ವೇನೇ ಹುಡುಗಿ? ಇದ್ದದ್ದು ಇಲ್ಲ ಅಂತ ತಾನೇ?"

"ಒಂದೇ ಅಲ್ಲ. ಲಾಸ್ಟ್ ಅಂದ್ರೆ ಯಾರದೋ ಕೈಯಿಂದ ಜಾರಿದ್ದು. ಕಳ್ಕೊಂಡವರು ಒಬ್ಬರು ಇರ್ತಾರೆ. ಮಿಸ್ಸಿಂಗ್ ಅಂದ್ರೆ ಇರಬೇಕಾದ ಜಾಗದಲ್ಲಿ ಇಲ್ಲ, ಅಷ್ಟೆ. ತಪ್ಪು ಯಾರ ತಲೆಗೂ ಕಟ್ಟೋದಿಲ್ಲ. ನಮ್ಮಲ್ಲೂ ಇದೆಯಲ್ಲ, ಕೊಡೆ ಕಳೀತು ಅಂತೀವಿ, ಮನುಷ್ಯರು ಕಾಣೆಯಾದರು ಅಂತೀವಿ."

"ಮತ್ತೆ ಸಿನಿಮಾದಲ್ಲಿ ಮಕ್ಕಳಿಗೂ ಲಾಸ್ಟ್ ಅಂತಾರೆ?"

"ಅಂತಾರೆ. ದಾರಿ ತಪ್ಪಿದವರಿಗೂ ಅದೇ ಮಾತು. ಆದ್ರೆ ಮಗು ಹುಡುಕ್ತಾ ಓಡಾಡ್ತಿರೋ ತಾಯಿ ಕಿವಿಗೆ ಲಾಸ್ಟ್ ಅಂತ ಬಿದ್ರೆ ಹೇಗಿರುತ್ತೆ? ಹೋಯ್ತು, ಮುಗೀತು ಅಂದ ಹಾಗೆ."

ಮೈಕಮ್ಮ ಬಾಯಿ ಅಗಲಿಸಿ, ಮುಂದಿನ ಹಲ್ಲಿನ ಜಾಗದ ಕಂಡಿ ತೋರಿಸಿದಳು. "ಹಾಗಾದ್ರೆ ಇದು?"

"ಬಿದ್ದ ದಿನ ಲಾಸ್ಟ್. ಈಗ ನೀವು ನಕ್ಕಾಗಲೆಲ್ಲ ಮಿಸ್ಸಿಂಗ್."

ಅವತ್ತಿನಿಂದ ಕೋಣೆಯಲ್ಲಿ ಪೆನ್ನು ಕಾಣದಿದ್ದರೂ ಮೈಕಮ್ಮ ಕೇಳುವುದು ಅದನ್ನೇ: ಲಾಸ್ಟಾ, ಮಿಸ್ಸಿಂಗಾ?

ಆ ದಿನ ಮಧ್ಯಾಹ್ನ ಅತ್ತೆ ಫೋನು ಎತ್ತಲಿಲ್ಲ. ಎರಡನೇ ಸಲವೂ ಇಲ್ಲ. ಮಲಗಿರಬಹುದು ಎಂದುಕೊಂಡಳು, ಅದರ ಬೆನ್ನಿಗೇ, ಮಲಗಿದವರಿಗೆ ಫೋನಿನ ಸದ್ದು ಕೇಳಿಸುವುದಿಲ್ಲವೇ ಎಂದೂ ಅನ್ನಿಸಿತು. ಮೂರನೇ ಸಲ ಮಾಡಬೇಕು ಎನ್ನುವಷ್ಟರಲ್ಲಿ ನಿಲ್ದಾಣದ ಫೋನು ಬಡಿದುಕೊಂಡಿತು. ಹಿಂದಿನ ಗೇಟಿನ ಕಾವಲುಗಾರ. ಬಾಯಲ್ಲಿ ಸದಾ ಸೀಟಿ ಕಚ್ಚಿಕೊಂಡೇ ಇರುವುದರಿಂದ ಎಲ್ಲರಿಗೂ ಅವನು ಸೀಟಿ ಮಾಮ.

"ತಂಗೀ, ಒಂದು ಹೆಣ್ಣು ಮಗು ಸಿಕ್ಕಿದೆ. ನಾಲ್ಕೈದು ವರ್ಷ ಇರಬೋದು. ಹಸಿರು ಫ್ರಾಕು, ನೆತ್ತಿ ಮೇಲೆ ಕಾರಂಜಿ ಥರ ಒಂದು ಜುಟ್ಟು. ಸ್ಪೀಕರ್ ಕಂಬದ ಕೆಳಗೆ ನಿಂತಿತ್ತು."

"ಯಾರ ಜೊತೆ ಬಂದಿದ್ದಂತೆ?"

"ಅದನ್ನ ಹೇಳ್ತಿಲ್ಲ. ಅಮ್ಮ ಎಲ್ಲಿ ಅಂದ್ರೆ ಮೇಲೆ ಅಂತ ಕೈ ತೋರಿಸುತ್ತೆ." ಸೀಟಿ ಮಾಮ ದನಿ ತಗ್ಗಿಸಿದ. "ತಾಯಿ ಇಲ್ಲ ಅಂತ ಕಾಣುತ್ತೆ ಪಾಪ."

ತಾಯಿಯಿಲ್ಲದ ಕೂಸನ್ನು ಹೀಗೆ ಬಿಟ್ಟುಹೋಗುವವರೂ ಇದ್ದಾರಲ್ಲ. ಗುಂಡಿಯ ಮೇಲೆ ಬೆರಳಿಟ್ಟು ಒಂದು ಗಳಿಗೆ ಯೋಚಿಸಿದಳು. 'ತಂದೆತಾಯಿ' ಎನ್ನುವುದು ಬೇಡ, ಆ ಮಗುವಿನ ಕಿವಿಗೂ ಬಿದ್ದೀತು. 'ಸಿಕ್ಕಿದೆ' ಎನ್ನುವುದೂ ಬೇಡ; ಸಿಗುವುದು ಕೊಡೆ, ಚೀಲ.

"ಪ್ರಯಾಣಿಕರ ಗಮನಕ್ಕೆ. ಹಸಿರು ಫ್ರಾಕ್ ಧರಿಸಿರುವ, ಸುಮಾರು ನಾಲ್ಕೈದು ವರ್ಷದ ಹೆಣ್ಣುಮಗು ಹಿಂಬದಿಯ ಗೇಟಿನಲ್ಲಿ ಸುರಕ್ಷಿತವಾಗಿದ್ದಾಳೆ. ಮಗುವಿನ ಪೋಷಕರು ಎಲ್ಲಿದ್ದರೂ ಕೂಡಲೇ ಬರಬೇಕು."

ಇಂಗ್ಲಿಷಿನಲ್ಲೂ ಹೇಳಿದಳು. ದನಿ ಹಾಲಿನ ಕೆನೆಯಂತೆ, ಒಂದು ಸುಕ್ಕಿಲ್ಲ. ಯಾರೂ ಬರಲಿಲ್ಲ ಎಂದು ಸೀಟಿ ಮಾಮ ತಿಳಿಸಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದಳು. ನಡುವೆ ಅತ್ತೆಗೆ ಫೋನು. ಅದೂ ಹೊಡೆದುಕೊಂಡು ಸುಮ್ಮನಾಯಿತು.

"ಎಂಥಾ ಜನ ನೋಡಿ," ಎಂದಳು ಮೈಕಮ್ಮನಿಗೆ. "ಮಗು ಕೈ ತಪ್ಪಿರೋದೂ ಗೊತ್ತಿಲ್ವೇನೋ. ಇಂಥವರ ಕೈಗೆ ಯಾಕಾದ್ರೂ ಮಕ್ಕಳನ್ನ ಕೊಡ್ತಾನೋ ದೇವರು."

ಮತ್ತೆ ಸೀಟಿ ಮಾಮನ ಫೋನು. "ಅಂತೂ ಹೆಸರು ಬಾಯಿಬಿಡ್ತು ತಂಗೀ. ನನಗೂ ನಗು ಬರುತ್ತೆ. ಇದ್ದದ್ದು ಇದ್ದ ಹಾಗೆ ಹೇಳಿಬಿಡು, ಅವರಿಗಾದ್ರೂ ಗುರುತು ಸಿಗಲಿ."

ಅವನು ಹೇಳಿದ್ದು ಕಿವಿಯಿಂದ ನೇರ ಬಾಯಿಗೆ ಇಳಿಯಿತು. ಮನಸ್ಸಿನ ದಾರಿಯಲ್ಲಿ ಅದು ಬರಲೇ ಇಲ್ಲ.

"ಪ್ರಯಾಣಿಕರ ಗಮನಕ್ಕೆ. ಹಸಿರು ಫ್ರಾಕ್ ಧರಿಸಿರುವ ಮಗು ತನ್ನ ಹೆಸರು ಇಲಿಮರಿ ಎಂದು ಹೇಳುತ್ತಿದ್ದಾಳೆ. ಇಲಿಮರಿಯ ಪೋಷಕರು ಎಲ್ಲಿದ್ದರೂ..."

ಕೆಳಗೆ ಯಾರೋ ನಕ್ಕರು. ಆ ನಗುವಿಗೆ ಕಿವಿಗೊಟ್ಟಾಗಲೇ ತಾನು ಹೇಳಿದ್ದು ಅವಳಿಗೆ ಕೇಳಿಸಿದ್ದು. ಬೆರಳು ಗುಂಡಿಯ ಮೇಲೇ ಇತ್ತು. ಇಡೀ ನಿಲ್ದಾಣಕ್ಕೆ ಫ್ಯಾನಿನ ಕಿರುಗುಟ್ಟುವಿಕೆ ಕೇಳಿಸಿತು, ಆಮೇಲೆ ಕುರ್ಚಿ ಬಿದ್ದ ಸದ್ದು. ಮೈಕಮ್ಮ ಕೈಚಾಚಿ ಮೈಕು ಆರಿಸದಿದ್ದರೆ ಇನ್ನೇನು ಕೇಳಿಸುತ್ತಿತ್ತೋ.

ಮೆಟ್ಟಿಲು ಇಳಿದದ್ದು ಅವಳಿಗೆ ನೆನಪಿಲ್ಲ. ಒಂದು ಚಪ್ಪಲಿ ಎಲ್ಲೋ ಉಳಿದುಹೋಗಿತ್ತು. ಹಿಂದಕ್ಕೆ ಬರುತ್ತಿದ್ದ ಬಸ್ಸೊಂದು ಕಿರ್ರೆಂದು ನಿಂತಿತು. ಚಾಲಕ ತಲೆ ಹೊರಗೆ ಹಾಕಿ ಏನೋ ಅಂದ. ಇದೇ ಬಸ್ಸುಗಳ ಸಂದಿಯಲ್ಲಿ, ಇದೇ ಗಾಲಿಗಳ ಪಕ್ಕದಲ್ಲಿ ಮಗು ನಡೆದು ಬಂದಿದೆ ಎಂಬ ಯೋಚನೆ ಬಂದಾಗ ಇನ್ನೊಂದು ಚಪ್ಪಲಿಯನ್ನೂ ಒದರಿ ಎಸೆದಳು. ಮತ್ತೆ ಓಡಿದಳು.

ಮಗು ಸೀಟಿ ಮಾಮನ ಸ್ಟೂಲಿನ ಮೇಲೆ ಕಾಲಾಡಿಸುತ್ತ ಕೂತಿತ್ತು. ಫ್ರಾಕನ್ನು ಅವಳು ಈ ಮೊದಲು ನೋಡಿಯೇ ಇರಲಿಲ್ಲ. ಸೋಫಾಗೆ ಕವರು ಹೊಲಿಸಿ ಉಳಿದ ಬಟ್ಟೆಯ ಹಸಿರು ಅದು, ಅತ್ತೆಯ ಕೈಹೊಲಿಗೆ. ಬೆಳಿಗ್ಗೆ ಅವಳು ಬಾಚಿ ಕ್ಲಿಪ್ಪು ಹಾಕಿದ ಕೂದಲು ಈಗ ನೆತ್ತಿಯ ಮೇಲೆ ಎದ್ದು ನಿಂತಿತ್ತು.

"ನಿನ್ನ ಮಗುವೇನಮ್ಮ?" ಸೀಟಿ ಮಾಮನ ಬಾಯಿಂದ ಸೀಟಿ ಕೆಳಗೆ ಬಿತ್ತು. "ಅಮ್ಮ ಮೇಲೆ ಅಂದ್ರೆ, ನಾನು..."

ಮಗು ತೋರಿಸಿದ್ದು ಸ್ಪೀಕರನ್ನು. ಅಮ್ಮನ ದನಿ ಮೇಲಿಂದ ಬರುತ್ತಿತ್ತು. ಅಮ್ಮ ಅಲ್ಲೇ ಎಲ್ಲೋ ಇರಬೇಕು. ಒಂದು ಕಂಬದ ಕೆಳಗೆ ಹೋಗಿ ನೋಡಿದೆ, ಅಲ್ಲಿಲ್ಲ. ಮುಂದಿನ ಕಂಬದಿಂದಲೂ ಅದೇ ದನಿ. ಹೀಗೆ ಕಂಬದಿಂದ ಕಂಬಕ್ಕೆ ಹಿಂದಿನ ಗೇಟಿನವರೆಗೂ ಬಂದಿದೆ. ತಾನು ಮೇಲೆ ಕೂತು ಹೇಳುತ್ತಿದ್ದ ಒಂದೊಂದು ಬಸ್ಸಿನ ಹೆಸರೂ ತನ್ನ ಮಗುವನ್ನು ಹೆಜ್ಜೆ ಹೆಜ್ಜೆಯಾಗಿ ಆಚೆಗೆ ಎಳೆಯುತ್ತಿತ್ತು.

"ಅಜ್ಜಿ ಎಲ್ಲಿ ಪುಟ್ಟಾ?"

"ಅಜ್ಜಿ ಕಳೆದುಹೋದ್ಲು," ಎಂದಿತು ಮಗು, ಬೇಜಾರಿಲ್ಲದೆ.

ಮಗುವನ್ನು ಅವಚಿಕೊಂಡು ಮೇಲೆ ಬಂದು ಅತ್ತೆಯ ಫೋನಿಗೆ ಮಾಡಿದಳು. ಗಂಟೆ ಅವಳ ಮಡಿಲಲ್ಲೇ ಹೊಡೆಯಿತು. ಫೋನು ಮಗುವಿನ ಪುಟ್ಟ ಹೆಗಲುಚೀಲದಲ್ಲಿತ್ತು. ಅಷ್ಟು ಹೊತ್ತೂ ಅವಳು ಮಾಡಿದ ಕರೆಗಳೆಲ್ಲ ಕಂಬಗಳ ಕೆಳಗೆ, ಆಮೇಲೆ ಸೀಟಿ ಮಾಮನ ಸ್ಟೂಲಿನ ಪಕ್ಕದಲ್ಲಿ, ಬಸ್ಸುಗಳ ಗದ್ದಲದಲ್ಲಿ ಮೂಕವಾಗಿ ಹೊಡೆದುಕೊಂಡಿದ್ದವು.

ಆಗ ಅವಳ ಸಿಟ್ಟು ಉಕ್ಕಿತು. "ಹೇಳದೆ ಕೇಳದೆ ಬಸ್ಸಲ್ಲಿ ಕರ್ಕೊಂಡು ಬಂದು ಕಳೆದುಬಿಟ್ರಲ್ಲ. ನನ್ನ ಮಗೂನ ಕಳೆದೇಬಿಟ್ರು. ಬರಲಿ ಅವರು."

ಮೈಕಮ್ಮ ಮಗುವಿನ ಮುಖ ಒರೆಸುತ್ತ ಮೆಲ್ಲಗೆ ಅಂದಳು: "ಮನುಷ್ಯರಾದ್ರೆ ಕಾಣೆಯಾದ್ರು ಅನ್ಬೇಕು ಅಂತ ನೀನೇ ಕಲಿಸಿದ್ದಲ್ಲೇ."

"ಇದು ಬೇರೆಯವರ ಮಗು ಅಲ್ಲ."

"ಸರಿ. ಆದ್ರೆ ಅವರು ಎಲ್ಲಿ? ಮೂರು ಸಲ ಕರೆದಾಯ್ತು. ಕಿವಿ ಮಂದವಾ ನಿಮ್ಮತ್ತೆಗೆ?"

ಕಿವಿ ಮಂದವಲ್ಲ. ಪಕ್ಕದ ಮನೆಯವರು ಕೆಮ್ಮಿದರೆ ಯಾರದು ಎಂದು ಹೇಳಬಲ್ಲರು. ಹಾಗಾದರೆ ಯಾಕೆ ಬರಲಿಲ್ಲ? ಮಗುವನ್ನು ಹುಡುಕುತ್ತ ಬಸ್ಸಿನ ಹಿಂದೆ ಬಗ್ಗಿದ್ದರೆ? ಚಾಲಕ ನೋಡದೆ ಹಿಂದಕ್ಕೆ ಬಿಟ್ಟಿದ್ದರೆ? ಈಗಷ್ಟೇ ತನ್ನ ಮುಂದೆ ಕಿರ್ರೆಂದು ನಿಂತ ಬಸ್ಸು ಕಣ್ಣಿಗೆ ಕಟ್ಟಿತು. ಸಿಟ್ಟು ನಿಂತಲ್ಲೇ ತಣ್ಣಗಾಯಿತು. ಗುಂಡಿ ಒತ್ತಿದಳು.

ವಯಸ್ಸು ಹೇಳಬೇಕು, ಸೀರೆಯ ಬಣ್ಣ ಹೇಳಬೇಕು, ಕಾಣೆಯಾಗಿದ್ದಾರೆ ಎನ್ನಬೇಕು. ಯಾವುದೂ ಬಾಯಿಗೆ ಬರಲಿಲ್ಲ.

"ಅತ್ತೆ," ಎಂದಳು. ಸ್ಪೀಕರುಗಳು ಅದನ್ನು ಒಂದಾದ ಮೇಲೊಂದು ಅಂದವು. "ಅತ್ತೆ, ನಾನು. ಇಲಿಮರಿ ನನ್ನ ಹತ್ರ ಇದೆ. ನೀವು ಎಲ್ಲಿದ್ದೀರ? ಮೇಲೆ ಬನ್ನಿ. ಬೈಯಲ್ಲ, ಬನ್ನಿ." ದನಿ ಒಡೆಯಿತು. ಇಂಗ್ಲಿಷಿನಲ್ಲಿ ಏನೂ ಹೇಳಲಿಲ್ಲ.

ಕಬ್ಬಿಣದ ಮೆಟ್ಟಿಲು ಸದ್ದು ಮಾಡುವವರೆಗಿನ ಹೊತ್ತು ಎಷ್ಟೋ ಆಮೇಲೆ ಅವಳಿಗೆ ಹೇಳಲಾಗಲಿಲ್ಲ. ಅತ್ತೆ ಬಾಗಿಲಲ್ಲೇ ನಿಂತರು. ಕೈಯಲ್ಲಿ ಟಿಕೆಟ್ಟು. ನಾದಿನಿಯ ಊರಿನ ಬಸ್ಸಿನದು; ಮಗಳ ಮನೆಗೆ ಹೊರಟಿದ್ದರು.

"ಹತ್ತಿ ಕೂತಿದ್ದೆ," ಎಂದರು ನೆಲ ನೋಡುತ್ತ. "ಅಮ್ಮ ಎಲ್ಲಿಂದ ಮಾತಾಡ್ತಾಳೆ ತೋರಿಸು ಅಂತ ದಿನಾ ಹಟ. ನಿನ್ನ ಕೇಳಿದ್ರೆ ಬಸ್ಸು ಬೇಡ ಅಂತಿದ್ದೆ. ಟೋಪಿ ತೆಗೆಯೋಣ ಅಂತ ಚೀಲದಲ್ಲಿ ಕೈ ಹಾಕಿದೆ, ತಿರುಗಿದ್ರೆ ಮಗು ಇಲ್ಲ. ಬಸ್ಸಿನಡಿ ಎಲ್ಲ ಬಗ್ಗಿ ನೋಡಿದೆ. ಅಷ್ಟರಲ್ಲಿ ನೀನು ಹೇಳಿದ್ದು ಕೇಳಿಸ್ತು. ಸುರಕ್ಷಿತವಾಗಿದ್ದಾಳೆ ಅಂದೆ, ಜೀವ ಬಂತು. ಆಮೇಲೆ ಪೋಷಕರು ಅಂದೆ."

"ಅತ್ತೆ..."

"ಎಷ್ಟು ತಣ್ಣಗೆ ಅಂದೆ. ಯಾರೋ ದಾರಿಹೋಕರಿಗೆ ಅಂದ ಹಾಗೆ. ಅತ್ತೆ ಅನ್ಲಿಲ್ಲ, ಅಜ್ಜಿ ಅನ್ಲಿಲ್ಲ. ಕೊನೆಗೆ ಆ ಹೆಸರು ಹೇಳಿದೆಯಲ್ಲ, ನಾನಿಟ್ಟ ಹೆಸರು, ಅಷ್ಟು ಜನರ ಮುಂದೆ ನಗೆಪಾಟಲು ಮಾಡೋ ಹಾಗೆ. ಇನ್ನು ನಾನು ಆ ಮನೆಗೆ ಬೇಡ ಅಂತ ಅರ್ಥ ಮಾಡ್ಕೊಂಡೆ."

ಅವಳು ಅತ್ತೆಯ ಮುಖವನ್ನೇ ನೋಡಿದಳು.

"ನನಗೆ ಗೊತ್ತಿರಲಿಲ್ಲ ಅತ್ತೆ."

"ಏನು ಗೊತ್ತಿರಲಿಲ್ಲ?"

"ನಮ್ಮ ಮಗು ಅಂತ. ಮೂರು ಸಲ ಹೇಳಿದೆ. ಯಾರೋ ತಾಯಿ ಇಲ್ಲದ ಮಗು ಅಂದ್ಕೊಂಡು ಹೇಳಿದೆ."

ಅತ್ತೆ ಬಾಯಿಗೆ ಸೆರಗು ಹಿಡಿದರು. ಅವರ ಕಣ್ಣು ಸೊಸೆಯಿಂದ ಮೈಕಿಗೆ, ಮೈಕಿನಿಂದ ಮಗುವಿಗೆ ಹೋಗಿ ಬಂತು. ಬಿದ್ದಿದ್ದ ಕುರ್ಚಿಯನ್ನು ಮೈಕಮ್ಮ ಎತ್ತಿ ನಿಲ್ಲಿಸಿದಳು. ಅವರು ಅದರಲ್ಲಿ ಕುಸಿದರು. ಕೆಳಗೆ ನಾದಿನಿಯ ಊರಿನ ಬಸ್ಸು ಎರಡು ಸಲ ಹಾರನ್ ಹೊಡೆದು ಹೊರಟುಹೋಯಿತು. ಅದರ ಘೋಷಣೆಯನ್ನು ಮೈಕಮ್ಮನೇ ಮಾಡಿದಳು.

ಕೈಯಲ್ಲಿದ್ದ ಟಿಕೆಟ್ಟು ಮಡಚುತ್ತ ಅತ್ತೆ ಅಂದರು: "ಇದನ್ನ ನಿನ್ನ ಗಂಡಂಗೆ ಹೇಳೋದು ಬೇಡ. ನನ್ನ ತಪ್ಪೂ ಬೇಡ, ನಿಂದೂ ಬೇಡ."

"ಹೂಂ," ಎಂದಳು ಅವಳು.

ಸಂಜೆ ಗಂಡ ಚಪ್ಪಲಿ ಬಿಡುವುದನ್ನೇ ಕಾಯುತ್ತಿದ್ದ ಮಗು ಓಡಿಹೋಗಿ ಅವನ ಕಾಲು ತಬ್ಬಿತು. "ಅಪ್ಪಾ, ಇವತ್ತು ಅಜ್ಜಿ ಕಳೆದುಹೋಗಿದ್ಲು. ಅಮ್ಮ ಮೈಕಲ್ಲಿ ಅತ್ಲು."

"ಏನು?" ಎಂದ ಅವನು, ಒಂದು ಚಪ್ಪಲಿ ಕೈಯಲ್ಲೇ ಹಿಡಿದು.

ಅತ್ತೆ ಸೊಸೆಯನ್ನು ನೋಡಿದರು, ಸೊಸೆ ಅತ್ತೆಯನ್ನು. "ಕಳೆದುಹೋಗಿರಲಿಲ್ಲ," ಎಂದಳು ಅವಳು. "ಸ್ವಲ್ಪ ಹೊತ್ತು ಕಾಣ್ತಿರಲಿಲ್ಲ, ಅಷ್ಟೆ." ಹೇಳುವಾಗ ಅವಳ ಕೈ ಮಗುವಿನ ಹಸಿರು ಫ್ರಾಕಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿತ್ತು; ಮಗು ಕೊಸರಿಕೊಂಡರೂ ಬಿಡಲಿಲ್ಲ.

ಅವಳು ಈಗಲೂ ಅದೇ ಕೋಣೆಯಲ್ಲಿ ಕೂರುತ್ತಾಳೆ. ದನಿಗೆ ಮೊದಲಿನ ಕೆನೆ ಇಲ್ಲ ಎಂದು ಕೆಲವರು ಅನ್ನುತ್ತಾರೆ. ಗೇಟಿನಿಂದ ಮಗುವಿನ ಸುದ್ದಿ ಬಂದರೆ ಬಟ್ಟೆಯ ಬಣ್ಣ ಕೇಳುವುದಿಲ್ಲ. "ಮನೇಲಿ ಏನಂತ ಕರೀತಾರೆ, ಮೊದಲು ಅದನ್ನ ಕೇಳು ಸೀಟಿ ಮಾಮ," ಎನ್ನುತ್ತಾಳೆ, ಮತ್ತು ಉತ್ತರ ಬರುವವರೆಗೂ ಬೆರಳನ್ನು ಗುಂಡಿಯಿಂದ ದೂರ ಇಟ್ಟುಕೊಂಡಿರುತ್ತಾಳೆ.