ತಿಥಿಯ ಮರುದಿನ ಬಂದ ಸರೋಜಮ್ಮ

ಬೆಳಗ್ಗೆ ಬಾಗಿಲು ತೆಗೆದರೆ, ಹಿಂದಿನ ಲೈನು ಮನೆಗಳ ಸರೋಜಮ್ಮ ನಮ್ಮ ಸೇವಂತಿಗೆ ಗಿಡ ಬಗ್ಗಿಸಿಕೊಂಡು ಪ್ಲಾಸ್ಟಿಕ್ ಕವರಿಗೆ ಹೂ ಕಿತ್ತು ತುಂಬುತ್ತಿದ್ದಳು. ನಮ್ಮೆಜಮಾನರ ತಿಥಿ ಮುಗಿದದ್ದು ಹಿಂದಿನ ದಿನವಷ್ಟೆ. ನನ್ನನ್ನು ಕಂಡು ಅವಳು ಗಾಬರಿಯಾಗಲೂ ಇಲ್ಲ.

“ಸೂತ್ಕದ ಮನೆ ಹೂವು ದೇವ್ರಿಗಾಗಲ್ಲ ಅಂತ ಇಷ್ಟು ದಿನ ಮುಟ್ಲಿಲ್ಲ ಕಣಕ್ಕ. ನೀನಂತೂ ಇನ್ನು ಮುಡಿಯಂಗಿಲ್ಲ. ನವರಾತ್ರಿ ಬೇರೆ, ದೇವ್ರಿಗಾದ್ರೂ ಓಗ್ಲಿ” ಅಂದಳು.

ನಾನು ಒಳಗೆ ಬಂದೆ. ಚಾಂಪಿಯನ್ ರೀಫ್ಸ್‌ನ ಈ ಚಿನ್ನದ ಗಣಿಯ ಮಣ್ಣಿನಲ್ಲಿ ಏನೂ ಬರುವುದಿಲ್ಲವೆಂದು, ರಿಟೈರಾದ ಮೇಲೆ ಅವರು ಬಂಗಾರಪೇಟೆ ಕಡೆಯಿಂದ ಮೂಟೆಗಳಲ್ಲಿ ಕೆಮ್ಮಣ್ಣು ತಂದು, ಪೇಂಟ್ ಡಬ್ಬಗಳಲ್ಲಿ ಬೆಳೆಸಿದ ಗಿಡಗಳವು. ಹೂ ಕೀಳುವವರ ಕಾಟಕ್ಕೆ ಸುತ್ತ ಮುಳ್ಳು ಕಟ್ಟಿದರು, ಬಾಯಿಗೆ ಬಂದಂತೆ ಬೈದರು, ಏನೂ ನಡೆಯಲಿಲ್ಲ. ಅವರು ಹೋದ ಮೇಲೆ ಹೂಗಳು ಗಿಡದಲ್ಲೇ ಬಾಡುತ್ತಿದ್ದುದನ್ನು ನೋಡಿ, ಬೀದಿಯವರಿಗೂ ದುಃಖವಾಗಿದೆ ಅಂದುಕೊಂಡಿದ್ದೆ. ಎಂಥಾ ಪೆದ್ದಿ ನಾನು!

ಮಾರನೆಯ ದಿನ ಅವಳಿಗಿಂತ ಮೊದಲೇ ಎದ್ದು, ಒಂದು ಹಳದಿ ಸೇವಂತಿಗೆ ಕಿತ್ತು ಮುಡಿದುಕೊಂಡು ಬಾಗಿಲಲ್ಲಿ ಕೂತೆ. ಕವರ್ ಹಿಡಿದು ಬಂದ ಸರೋಜಮ್ಮ ನನ್ನ ತಲೆ ನೋಡಿದಳು, ಗಿಡ ನೋಡಿದಳು. “ರಾಮ ರಾಮ, ಇನ್ನೀ ಗಿಡದ ಹೂವು ದೇವ್ರಿಗಾಗಲ್ಲ” ಅನ್ನುತ್ತಾ ಖಾಲಿ ಕವರ್ ಮಡಚಿಕೊಂಡು ಹೊರಟುಹೋದಳು.

ಈಗ ನಮ್ಮ ಹೂವಿಗೆ ಯಾರೂ ಕೈ ಹಾಕುವುದಿಲ್ಲ. ಅವರು ಮುಳ್ಳು ಕಟ್ಟಿದರೂ ನಿಲ್ಲದ ಕಳ್ಳತನ, ನನ್ನ ತಲೆಯ ಒಂದು ಹೂವಿಗೆ ನಿಂತುಹೋಯಿತು.