ಫೋನ್ ಮಾಡಿದರೆ ಮಾತ್ರ ಬರುವ ಬಸ್ಸು

ನ್ಯೂಆರ್ಕಿನಿಂದ ಫ್ರಾಂಕ್‌ಫರ್ಟಿಗೆ ಏಳೂವರೆ ಗಂಟೆ ಹಾರಾಟ. ಅದು ಎರಡು ಸಾವಿರದ ಒಂಬತ್ತರ ಏಪ್ರಿಲ್. ಪಾರ್ಸಿಪನಿಯ ನಮ್ಮ ಆಫೀಸಿನಲ್ಲಿ ವಾರಕ್ಕೊಂದು ಕುರ್ಚಿ ಖಾಲಿಯಾಗುತ್ತಿತ್ತು. ಆಫೀಸಿನ ಕೆಲಸಕ್ಕೆಂದು ಹೊರಟಿದ್ದ ನನ್ನ ಬ್ಯಾಗಿನಲ್ಲಿ, ಸಮರ್‌ಸೆಟ್‌ನಲ್ಲಿ ನಮ್ಮ ಪಕ್ಕದ ಮನೆಯವರಾದ ಎರ್ನಾ ಆಂಟಿ ತಮ್ಮನಿಗೆ ಬರೆದ ಕಾಗದವಿತ್ತು. ಆಂಟಿ ಎಂಬತ್ತು ದಾಟಿದ ಜರ್ಮನ್ ಹೆಂಗಸು. ಅಪ್ಪನ ಹೊಲದ ವಿಷಯಕ್ಕೆ, ಜರ್ಮನಿಯ ಹುಟ್ಟೂರಲ್ಲೇ ಉಳಿದ ಆ ತಮ್ಮ ಓಟೋ ಜೊತೆ ಮಾತು ಬಿಟ್ಟು ನಲವತ್ತು ವರ್ಷವಾಗಿತ್ತು.

“ಪೋಸ್ಟ್ ಮಾಡಿದ್ರೆ ಒಡೆಯದೆ ವಾಪಸ್ ಕಳಿಸ್ತಾನೆ ಕಣೇ. ನೀನೇ ಕೈಗೆ ಕೊಡು,” ಎಂದಿದ್ದರು. ಭಾನುವಾರ ಹನ್ನೆರಡು ಗಂಟೆಗೆ ಓಟೋ ಅವರನ್ನು ಮಗ ದೂರದ ವೃದ್ಧಾಶ್ರಮಕ್ಕೆ ಕರೆದೊಯ್ಯುವವನಿದ್ದ. ಅಷ್ಟರೊಳಗೆ ಬಂದರೆ ನೋಡುತ್ತೇನೆಂದು ಓಟೋ ತಮ್ಮ ನೆರೆಮನೆಯಾಕೆಯಿಂದ ಆಂಟಿಗೆ ಹೇಳಿಸಿದ್ದರಂತೆ.

ಆ ಭಾನುವಾರ ರೈಲಿನಲ್ಲಿ ಒಂದೂವರೆ ಗಂಟೆ ಹೋಗಿ, ಒಂಬತ್ತೂಮುಕ್ಕಾಲಿಗೆ ಸಣ್ಣ ನಿಲ್ದಾಣವೊಂದರಲ್ಲಿ ಇಳಿದೆ. ತುಂತುರು ಮಳೆ, ಹಲ್ಲು ಕಟಕಟಿಸುವ ಚಳಿ. ಊರು ಇನ್ನೂ ಒಂಬತ್ತು ಕಿಲೋಮೀಟರ್. ಎದುರಿಗಿದ್ದದ್ದು ಒಂದೇ ಟ್ಯಾಕ್ಸಿ. ಇಪ್ಪತ್ತೈದು ಯೂರೋ ಎಂದ. ಕೆಲಸ ಇರುತ್ತೋ ಹೋಗುತ್ತೋ ಎನ್ನುವ ಕಾಲದಲ್ಲಿ ಇದೆಂಥ ದರ್ಬಾರು ಎಂದು ಬೇಡವೆಂದೆ. ವೇಳಾಪಟ್ಟಿಯಲ್ಲಿ ಹತ್ತೂಕಾಲಿಗೊಂದು, ಹನ್ನೊಂದೂಕಾಲಿಗೊಂದು ಬಸ್ಸು ಎಂದು ಬರೆದಿತ್ತು, ಮೂರೇ ಯೂರೋ.

ಹತ್ತೂಕಾಲಿಗೆ ಬರಲಿಲ್ಲ. ಹನ್ನೊಂದೂಕಾಲಿಗೂ ಬರಲಿಲ್ಲ. ಜರ್ಮನ್ನರ ಸಮಯಪಾಲನೆಗೆ ಏನು ಬಡಿಯಿತಪ್ಪಾ ಎಂದು ಬೈದುಕೊಳ್ಳುತ್ತಿದ್ದೆ. ನಾಯಿ ಹಿಡಿದು ಬಂದ ಹೆಂಗಸೊಬ್ಬಳು ಪಟ್ಟಿಯಲ್ಲಿದ್ದ ಪುಟ್ಟ ಟೆಲಿಫೋನ್ ಚಿತ್ರ ತೋರಿಸಿ, ಮುರುಕು ಇಂಗ್ಲಿಷಿನಲ್ಲಿ ಕೇಳಿದಳು: “ಫೋನ್ ಮಾಡಿದ್ರಾ? ಭಾನುವಾರ ಒಂದು ಗಂಟೆ ಮುಂಚೆ ಫೋನ್ ಮಾಡಿದ್ರೆ ಮಾತ್ರ ಬಸ್ಸು ಬರೋದು.”

ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಟ್ಯಾಕ್ಸಿ ಆಗಲೇ ಹೋಗಿತ್ತು. ನಡೆದೇ ಹೊರಟೆ.

ಹಳಿ ಕಿತ್ತ ಹಳೆಯ ರೈಲುದಾರಿಯೇ ಈಗ ಸೈಕಲ್ ದಾರಿ. ಒಂದು ಕಾಲಕ್ಕೆ ಇಲ್ಲಿನ ಕ್ವಾರಿಯಿಂದ ಛಾವಣಿಗೆ ಹೊದಿಸುವ ಕಪ್ಪು ಕಲ್ಲು ರೈಲಿನಲ್ಲಿ ಹೋಗುತ್ತಿತ್ತಂತೆ; ಆಂಟಿ ಊರು ಬಿಟ್ಟದ್ದೂ ಅದೇ ರೈಲಿನಲ್ಲಿ. ಕ್ವಾರಿ ಮುಚ್ಚಿದ ಮೇಲೆ ರೈಲೂ ನಿಂತಿತು. ಎರಡು ಗುಡ್ಡಗಳ ನಡುವೆ ಹೊಳೆ, ಅದರ ತಿರುವಿನಲ್ಲಿ ಚರ್ಚು, ಸುತ್ತ ಒಂದಿಷ್ಟು ಮನೆ. ಊರು ಚೆಂದವಿತ್ತು, ನೋಡುವ ಮನಸ್ಸು ನನಗಿರಲಿಲ್ಲ. ತಲುಪಿದಾಗ ಗಂಟೆ ಒಂದು ದಾಟಿತ್ತು.

ಓಟೋ ಅವರ ಮನೆಗೆ ಬೀಗ. ನೆರೆಮನೆಯಾಕೆ ಒಳಗೆ ಕರೆದು ಕಾಫಿ, ಸೇಬಿನ ಕೇಕ್ ಕೊಟ್ಟಳು.

“ಹತ್ತು ಗಂಟೆಯಿಂದ ಕೋಟು ಹಾಕ್ಕೊಂಡು ಗೇಟಿನ ಹತ್ರ ಕೂತಿದ್ರು. ಮಗ ಕರೆದ್ರೂ ಏಳಲಿಲ್ಲ, ಹನ್ನೆರಡೂವರೆ ತನಕ,” ಎಂದಳು. “ಕಾರು ಹತ್ತುವಾಗ, ‘ಅವಳು ಮತ್ತೆ ಮೋಸ ಮಾಡಿದ್ಲು’ ಅಂದ್ರು,” ಎಂದಳು. ಆಶ್ರಮದ ವಿಳಾಸ ಅವಳಿಗೂ ಗೊತ್ತಿರಲಿಲ್ಲ.

ಬುಧವಾರ ಸಮರ್‌ಸೆಟ್‌ಗೆ ಮರಳಿ, ಕಾಗದವನ್ನು ಆಂಟಿಯ ಮುಂದಿಟ್ಟೆ. ಟ್ಯಾಕ್ಸಿ ಬಿಟ್ಟದ್ದು, ಬಸ್ಸು ಬಾರದ್ದು, ಎಲ್ಲ ಒಪ್ಪಿಕೊಂಡೆ. ಓಟೋ ಹನ್ನೆರಡೂವರೆ ತನಕ ಗೇಟಿನ ಹತ್ತಿರ ಕಾದದ್ದನ್ನೂ ಹೇಳಿದೆ. ಚೆನ್ನಾಗಿ ಬೈದುಬಿಡಲಿ ಎಂದು ಕಾದೆ. ಅವರು ಬೈಯಲೇ ಇಲ್ಲ.

“ನಿಜವಾಗ್ಲೂ ಕಾದನಾ? ಅಷ್ಟು ಹೊತ್ತು?” ಮುಖ ಅರಳಿತು. “ಬಾಗಿಲೇ ತೆಗೆಯಲ್ಲ ಅಂದ್ಕೊಂಡಿದ್ದೆ ನಾನು. ಹೋಗ್ತಾ ನನ್ನ ಬಗ್ಗೆ ಏನಾದ್ರೂ ಅಂದನಾ?”

“ಇಲ್ಲ ಆಂಟಿ. ಸುಮ್ಮನೆ ಕಾರು ಹತ್ತಿದ್ರಂತೆ,” ಎಂದೆ.