ಗೌರಿಬಿದನೂರಿನಿಂದ ಕಡಲಿಗೆ ಹೋಗುವ ಹೊಲಿಗೆ

ಗೌರಿಬಿದನೂರಿನ ಕೈಗಾರಿಕಾ ಪ್ರದೇಶದಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಶೆಡ್ಡಿನ ಹಿಂದಿರುವ ಸಿಮೆಂಟಿನ ತೊಟ್ಟಿಯ ಮುಂದೆ ಗಂಗುಲಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಗ್ಗಿದ್ದಾರೆ. ತೊಟ್ಟಿಯ ತಳದಲ್ಲಿ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟೊಂದು ಕಬ್ಬಿಣದ ತೂಕ ಕಟ್ಟಿಸಿಕೊಂಡು ನಿನ್ನೆ ಬೆಳಗಿನಿಂದ ಮುಳುಗಿಕೊಂಡಿದೆ. ತೂಕ ಬಿಚ್ಚಿದ್ದೇ ತಡ, ಅದು ಕೈಯಿಂದ ಜಾರಿ ಚಿಮ್ಮಿ ಮೇಲೆ ಬರುತ್ತದೆ. ಮುಖದ ಮೇಲೆ ಬಿದ್ದ ನೀರನ್ನು ಒರೆಸಿಕೊಳ್ಳುತ್ತಾ ಗಂಗುಲಮ್ಮ ನಗುತ್ತಾರೆ.

"ಬಂತು ನೋಡಿ ಸಾರ್, ಹಗ್ಗ ಕಿತ್ಕೊಂಡ ಕರು ಬಂದಂಗೆ! ಒಂದಿನ ಪೂರ್ತಿ ನೀರು ಕುಡಿಸಿದ್ರೂ ತೇಲ್ಬೇಕು. ಇದು ತೇಲಿದ್ರೇನೆ ಇದ್ರ ಜೊತೆ ಹೊಲ್ದ ಲಾಟೆಲ್ಲ ಹೊರಗೆ ಹೋಗೋದು."

ಹಡಗುಕಟ್ಟೆಯಲ್ಲಿ ಹೊಸ ಹಡಗು ತಯಾರಾದರೆ, ಅದು ಕಡಲಿಗಿಳಿಯುವ ಮೊದಲು ಒಳಗಿರುವ ಪ್ರತಿಯೊಬ್ಬರಿಗೂ ಇಂಥದ್ದೊಂದು ಜಾಕೆಟ್ ಇರಲೇಬೇಕು. ಹಾಗೆ ಮಂಗಳೂರಿಗೆ, ಕೊಚ್ಚಿಗೆ ಹೋಗುವ ಜಾಕೆಟ್‌ಗಳಲ್ಲಿ ಒಂದಿಷ್ಟು ಈ ಬಯಲುಸೀಮೆಯ ಶೆಡ್ಡಿನಲ್ಲೇ ಹುಟ್ಟುತ್ತವೆ. ಬಟ್ಟೆ ಕತ್ತರಿಸುವವರು, ಫೋಮ್ ತುಂಬುವವರು, ಬೆಲ್ಟು ಕೂರಿಸುವವರು ಸೇರಿ ನಲವತ್ತು ಜನ. ಗಂಗುಲಮ್ಮನ ಪಾಲಿಗೆ ಬಂದಿರುವುದು ಕತ್ತಿನ ಹಿಂಭಾಗದ ಗೇಣುದ್ದದ ಪಟ್ಟಿ. ನೀರಿಗೆ ಬಿದ್ದವರನ್ನು ದೋಣಿಯವರು ಹಿಡಿದೆತ್ತುವುದು ಅದರಿಂದಲೇ. ದಿನಕ್ಕೆ ನೂರಿಪ್ಪತ್ತು ಪಟ್ಟಿ ಹೊಲಿಯುತ್ತಾರೆ. ಹೊಲಿದದ್ದನ್ನು ಕೊಕ್ಕೆಗೆ ಸಿಕ್ಕಿಸಿ, ಮೈಯ ಭಾರವೆಲ್ಲ ಬಿಟ್ಟು ಜಗ್ಗಿ ನೋಡುತ್ತಾರೆ. ಬಲಗೈಯ ಬೆರಳುಗಳು ಜಡ್ಡುಗಟ್ಟಿವೆ.

ಗಂಗುಲಮ್ಮನ ಊರು ಮಂಚೇನಹಳ್ಳಿಯ ಹತ್ತಿರದ ಒಂದು ಹಳ್ಳಿ. ಮೊದಲು ಗಾರ್ಮೆಂಟ್ಸಿನಲ್ಲಿ ಅಂಗಿಯ ಕಾಲರ್ ಹೊಲಿಯುತ್ತಿದ್ದರು. ಒಂದು ಸೋಮವಾರ ಹೋದರೆ ಗೇಟಿಗೆ ಬೀಗ. ಮಗಳು ತನುಜ ಆಗ ಎರಡನೇ ಕ್ಲಾಸು. ಎರಡು ತಿಂಗಳು ಕೂಲಿಗೆ ಹೋಗಿ, ಯಾರೋ ಹೇಳಿದರೆಂದು ಈ ಶೆಡ್ಡಿನ ಬಾಗಿಲಿಗೆ ಬಂದರು. ಲೈನ್ ನೋಡಿಕೊಳ್ಳುತ್ತಿದ್ದ ಶ್ಯಾಮಲಮ್ಮ ಮೊದಲ ದಿನ ಗಂಗುಲಮ್ಮ ಹೊಲಿದದ್ದನ್ನೆಲ್ಲ ಬಿಚ್ಚಿಸಿದರಂತೆ.

"ನಂಗೆ ಕಣ್ಣಲ್ಲಿ ನೀರು ಬಂತು ಸಾರ್. ಆವಮ್ಮ ಪಕ್ಕದಲ್ಲೇ ಕೂತ್ಕೊಂಡು, 'ಇದು ಅಂಗಿ ಅಲ್ಲ ಕಣೇ ಗಂಗು. ಅಂಗಿ ಬಿಚ್ಕೊಂಡ್ರೆ ನೋಡ್ದೋರು ನಗ್ತಾರೆ, ಇದು ಬಿಚ್ಕೊಂಡ್ರೆ ಮನೆಯೋರು ಅಳ್ತಾರೆ' ಅಂದ್ರು. ಕೈ ಹಿಡ್ದು ಕಲಿಸಿದ್ರು. ಅವರು ರಿಟೈರ್ ಆದ್ಮೇಲೂ ಯುಗಾದಿಗೆ ಅವರ ಮನೆಗೆ ಹೋಗಿ ಬರ್ತೀನಿ."

ಆ ಮಾತಿನ ತೂಕ ಗಂಗುಲಮ್ಮನಿಗೆ ಗೊತ್ತಾದದ್ದು ತಮ್ಮ ಮನೆಯವರೇ ನೀರಿಗೆ ಬಿದ್ದಾಗ. ವರ್ಷಾನುಗಟ್ಟಲೆ ಒಣಗಿದ್ದ ಊರ ಕೆರೆ ಒಂದು ಮಳೆಗಾಲದಲ್ಲಿ ತುಂಬಿ ಕೋಡಿ ಹರಿದು, ನೀರು ರಸ್ತೆಯ ಮೇಲೆ ನುಗ್ಗಿತು. ಗಂಗುಲಮ್ಮನ ಗಂಡ ಚೆನ್ನರಾಯಪ್ಪ ಡೇರಿಗೆ ಹಾಲು ಹಾಕಲು ಬೈಕಿನಲ್ಲಿ ಹೊರಟವರು ದಾಟಿಯೇ ಬಿಡುತ್ತೇನೆಂದುಕೊಂಡರು. ನಡುವಿಗೆ ಬರುವಷ್ಟರಲ್ಲಿ ಬೈಕು ಹೋಯಿತು, ಕ್ಯಾನು ಹೋಯಿತು, ಅವರೂ ಹೋದರು. ಕೆಳಗಿದ್ದ ಹೊಂಗೆಮರವೊಂದು ಕೈಗೆ ಸಿಕ್ಕಿತು. ದಡದಲ್ಲಿ ಊರಿಗೂರೇ ನಿಂತಿತ್ತು. ಆದರೆ ನೀರಿಲ್ಲದ ಕೆರೆಯಂಗಳದಲ್ಲಿ ಕ್ರಿಕೆಟ್ ಆಡಿ ಬೆಳೆದ ಹುಡುಗರಿಗೆ ಈಜು ಎಲ್ಲಿಂದ ಬರಬೇಕು?

ಇಳಿದವರು ಅರವತ್ತು ದಾಟಿದ್ದ ರೈತ ನಲ್ಲಪ್ಪ. ತೋಟದ ಡ್ರಿಪ್ ಪೈಪಿನ ಸುರುಳಿ ತರಿಸಿ, ಒಂದು ತುದಿಯನ್ನು ಕಲ್ಲುಕಂಬಕ್ಕೆ ಬಿಗಿದು, ಇನ್ನೊಂದನ್ನು ಸೊಂಟಕ್ಕೆ ಸುತ್ತಿಕೊಂಡರು. ಮುಚ್ಚಳ ಬಿಗಿದ ಖಾಲಿ ಕ್ಯಾನೊಂದನ್ನು ತಬ್ಬಿಕೊಂಡು ಈಜಿದರು. ಚೆನ್ನರಾಯಪ್ಪನ ಕೈಗೆ ಕ್ಯಾನು ಕೊಟ್ಟು, ಅಂಗಿಯ ಕೊರಳಪಟ್ಟಿ ಹಿಡಿದು ದಡಕ್ಕೆಳೆದು ತಂದರು. ಅಂಗಿ ಅರ್ಧ ಹರಿದೇ ಹೋಗಿತ್ತು.

"ಇನ್ನೊಂದು ಮಾರು ದೂರ ಇದ್ದಿದ್ರೆ ಪೂರ್ತಿ ಹರಿಯೋದು ಸಾರ್," ಎನ್ನುತ್ತಾರೆ ಗಂಗುಲಮ್ಮ. "ಆಮೇಲೆ ಮಿಷನ್ ಮುಂದೆ ಕೂತ್ರೆ ಬರೀ ಪಟ್ಟಿ ಕಾಣಲ್ಲ. ಅದ್ರ ಕೆಳಗೊಬ್ಬ ಮನುಷ್ಯ ಕಾಣ್ತಾನೆ."

ಹೋದ ವರ್ಷ ಶೆಡ್ಡಿಗೆ ಕುಮಟಾ ಕಡೆಯ ದಂಪತಿ ಬಂದರು. ಗಂಡ ದೇವಿದಾಸ ಹರಿಕಂತ್ರ, ಹಡಗುಗಳನ್ನು ಬಂದರಿಗೆ ಎಳೆದು ತರುವ ಟಗ್ ದೋಣಿಯ ಕೆಲಸಗಾರ. ಬಿರುಗಾಳಿಯಲ್ಲಿ ದೋಣಿ ಮಗುಚಿ ನೀರಿಗೆ ಬಿದ್ದಿದ್ದರು. ಕೈಕಾಲು ಸೋತು, ಪ್ರಜ್ಞೆ ತಪ್ಪಿದ ಮೇಲೂ ಜಾಕೆಟ್ ಅವರ ಮುಖವನ್ನು ನೀರಿನ ಮೇಲೇ ಇಟ್ಟಿತ್ತು. ಬಂದ ದೋಣಿಯವರು ಕತ್ತಿನ ಹಿಂದಿನ ಪಟ್ಟಿ ಹಿಡಿದು ಎತ್ತಿಕೊಂಡಿದ್ದರು. ಚೇತರಿಸಿಕೊಂಡ ಮೇಲೆ ಜಾಕೆಟ್ಟಿನ ಮೇಲಿದ್ದ ಕಂಪನಿಯ, ಊರಿನ ಹೆಸರು ಓದಿ, ಬಸ್ಸು ಹತ್ತಿ ಬಂದಿದ್ದರು.

"ಈ ಪಟ್ಟಿ ಹೊಲ್ದವ್ರು ಯಾರು?" ಎಂದು ದೇವಿದಾಸ ಕೇಳಿದಾಗ ಎಲ್ಲರೂ ಗಂಗುಲಮ್ಮನ ಕಡೆ ನೋಡಿದರು. ಏನೋ ತಪ್ಪಾಗಿದೆ ಎಂದೇ ಗಂಗುಲಮ್ಮ ತಿಳಿದರು.

ದೇವಿದಾಸರ ಹೆಂಡತಿ ಹತ್ತಿರ ಬಂದರು. ಗಂಗುಲಮ್ಮನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. "ನಾನೊಬ್ಳೇ ಅಲ್ಲಮ್ಮ, ನಲವತ್ತು ಜನದ ಕೈ ಅದು" ಎಂದರೂ ಬಿಡಲಿಲ್ಲ. ಮಧ್ಯಾಹ್ನ ಶೆಡ್ಡಿನಲ್ಲೇ ಎಲ್ಲರ ಜೊತೆ ಮುದ್ದೆ, ಅವರೆಕಾಳು ಸಾರು ಉಂಡರು. ಸಮುದ್ರದವರು ಮುದ್ದೆ ಅಗಿಯುವುದನ್ನು ಕಂಡು ಹೆಂಗಸರೆಲ್ಲ ನಕ್ಕು, ನುಂಗುವುದು ಹೇಗೆಂದು ತೋರಿಸಿಕೊಟ್ಟರು.

ಆ ಸಂಜೆ ವ್ಯಾನಿನಲ್ಲಿ ಊರಿಗೆ ಮರಳುವಾಗ ಗಂಗುಲಮ್ಮ ಒಂದು ತೀರ್ಮಾನಕ್ಕೆ ಬಂದರು. ಮರುದಿನ ಮಾಲೀಕ ರಮೇಶ್‌ಬಾಬು ಅವರ ಬಳಿ ಹೋಗಿ, ಉಳಿದ ಚೂರುಪಾರು ಬಟ್ಟೆ, ಫೋಮ್ ಕೊಟ್ಟರೆ ಊರ ಕೆರೆಗೆಂದು ನಾಲ್ಕು ಜಾಕೆಟ್ ಹೊಲಿದುಕೊಳ್ಳುತ್ತೇನೆ ಎಂದರು.

"ಚೂರುಪಾರು ಕೊಡಲ್ಲಮ್ಮ. ಹಡಗಿಗೆ ಹೋಗೋ ಮಾಲೇ ತಗೊಳ್ಳಿ. ನಿಮ್ಮೂರೋರ ಜೀವ ಏನು ಕಮ್ಮೀನಾ?" ಎಂದರು ರಮೇಶ್‌ಬಾಬು.

ಭಾನುವಾರಗಳಂದು ಜೊತೆಗಾತಿಯರು ಬಂದು ಕೂತರು. ಯಾರೂ ಕೂಲಿ ಕೇಳಲಿಲ್ಲ. ತಯಾರಾದ ಮೊದಲ ಜಾಕೆಟ್ ಹಿಡಿದು ಗಂಡ ಹೆಂಡತಿ ನಲ್ಲಪ್ಪನ ಮನೆಗೆ ಹೋದರು. "ನಂಗ್ಯಾಕಮ್ಮ ಇದು? ನಂಗೆ ಈಜು ಬರ್ತದಲ್ಲ" ಎಂದು ನಲ್ಲಪ್ಪ ನಕ್ಕರಂತೆ.

"ನಿಮ್ಗಲ್ಲ ಅಣ್ಣ. ಇನ್ನೊಂದ್ಸಲ ಯಾರಾದ್ರೂ ಬಿದ್ರೆ, ನೀವು ಕ್ಯಾನು ಹುಡುಕ್ಕೊಂಡು ನಿಲ್ಲಬಾರ್ದು. ಅದಕ್ಕೆ."

ನಲ್ಲಪ್ಪ ಜಾಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಚೆನ್ನರಾಯಪ್ಪನತ್ತ ತಿರುಗಿ, "ನಿನ್ ಮಗಳ್ನ ಭಾನುವಾರ ತೋಟದ ಬಾವಿ ಹತ್ರ ಕರ್ಕೊಂಡು ಬಾರಪ್ಪ. ಈಜು ಕಲಿಸ್ತೀನಿ. ಊರಲ್ಲಿ ಯಾರ್ಯಾರ ಮಕ್ಕಳಿದಾರೋ ಎಲ್ಲರ್ನೂ ಕರ್ಕೊಂಡು ಬಾ" ಎಂದರು.

ಈಗ ಡೇರಿಯ ಗೋಡೆಯಲ್ಲಿ ಮೂರು ಜಾಕೆಟ್ ನೇತಾಡುತ್ತಿವೆ. ನಾಲ್ಕನೆಯದು ನಲ್ಲಪ್ಪನ ಮನೆಯಲ್ಲಿದೆ. ಭಾನುವಾರ ಅವರ ಮೆಟ್ಟಿಲುಬಾವಿಯಲ್ಲಿ ಊರ ಎಲ್ಲ ಬೀದಿಗಳ ಮಕ್ಕಳೂ ನೀರೆರಚಾಡುತ್ತಾರೆ. ಅವರಲ್ಲಿ ತನುಜ ಮೀನಿನಂತೆ ಈಜುತ್ತಾಳೆ.

ನಿಮಗೇನಾದರೂ ಆಸೆಯಿದೆಯೇ ಎಂದು ಹೊರಡುವ ಮುನ್ನ ಕೇಳುತ್ತೇನೆ. ಕಡಲು ನೋಡಬೇಕು ಎನ್ನಬಹುದೆಂಬುದು ನನ್ನ ಎಣಿಕೆ. ಗಂಗುಲಮ್ಮ ಸುತ್ತ ನೋಡಿ, ದನಿ ತಗ್ಗಿಸುತ್ತಾರೆ.

"ನಂಗೂ ಈಜು ಕಲೀಬೇಕು ಸಾರ್. ಈ ವಯಸ್ಸಲ್ಲಿ ಯಾಕಮ್ಮ ಅಂತ ಮಗಳು ನಗ್ತಾಳೆ. ನಗ್ಲಿ ಬಿಡಿ. ಬರೋ ಭಾನುವಾರ ಬಾವಿಗೆ ಇಳ್ದೇ ಇಳೀತೀನಿ. ನಾನೇ ಹೊಲ್ದಿದ್ದು ಹಾಕ್ಕೊಂಡು ಇಳಿಯೋಳಿಗೆ ಭಯ ಯಾಕೆ ಹೇಳಿ?"